ಮೂರನೆಯ ತಿದ್ದುಪಡಿಯವರ ಸನ್ನಿಧಾನಕ್ಕೆ ಒಂದು ಬಿನ್ನಹ

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನದ ಮೂರನೆಯ ತಿದ್ದುಪಡಿಯವರಾದ ತಮ್ಮ ದಿವ್ಯ ಸನ್ನಿಧಾನಕ್ಕೆ ಬೆಂಗಳೂರಿನ ಒಬ್ಬ ಬಾಡಿಗೆದಾರನ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ. ಇತ್ತ ಎಲ್ಲರೂ ಕ್ಷೇಮ. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವೇ ಇಲ್ಲ. 1791ರ ಡಿಸೆಂಬರ್ 15ರಂದು ಅಧಿಕಾರ ವಹಿಸಿಕೊಂಡ ಮೇಲೆ ತಮ್ಮ ಮೈಮೇಲೆ ಒಂದು ಗೀರೂ ಬಿದ್ದಂತಿಲ್ಲ. ಜೊತೆಯಲ್ಲೇ ಹುಟ್ಟಿದ ತಮ್ಮ ಒಡಹುಟ್ಟಿದವರ ಪಾಡು ನೋಡಿದರೆ ಕರುಳು ಚುರ್ರೆನ್ನುತ್ತದೆ. ಮೊದಲನೆಯವರನ್ನು ಪತ್ರಿಕೆಯವರು, ಪಾದ್ರಿಗಳು, ಮೆರವಣಿಗೆಯವರು ಬೆಳಗಾದರೆ ಕೋರ್ಟಿಗೆ ಎಳೆಯುತ್ತಾರೆ. ಬಂದೂಕಿನ ಹಕ್ಕು ಕಾಯುವ ಎರಡನೆಯವರ ಹೆಸರೆತ್ತಿದರೆ ಊರಿಗೆ ಊರೇ ಎರಡು ಪಕ್ಷವಾಗುತ್ತದೆ. ನಾಲ್ಕನೆಯವರು ಪೊಲೀಸರ ಹಿಂದೆ ಓಡಿ ಓಡಿ ಸುಸ್ತಾಗಿದ್ದಾರೆ. ಐದನೆಯವರನ್ನಂತೂ, ಬಾಯಿ ಬಿಡದಿರುವ ಹಕ್ಕಿಗಾಗಿ, ಸಿನಿಮಾದ ಖದೀಮರೂ ಬಿಡುವುದಿಲ್ಲ. ತಮ್ಮ ಸುದ್ದಿಗೆ ಮಾತ್ರ ಯಾರೂ ಬಂದಿಲ್ಲ. ಆ ದೇಶದ ಸುಪ್ರೀಂ ಕೋರ್ಟು ತಮ್ಮನ್ನೇ ಆಧಾರ ಮಾಡಿಕೊಂಡು ಇದುವರೆಗೆ ಒಂದೇ ಒಂದು ತೀರ್ಪನ್ನೂ ಕೊಟ್ಟಿಲ್ಲ. ಎರಡು ಶತಮಾನಕ್ಕೂ ಮೀರಿದ ಸೇವೆ, ಒಂದು ದಿನದ ಕೆಲಸವೂ ಇಲ್ಲ. ಇಂಥ ಭಾಗ್ಯ ನಮ್ಮ ಸರ್ಕಾರಿ ಇಲಾಖೆಗಳಲ್ಲೂ ಎಲ್ಲರಿಗೂ ಸಿಗುವುದಿಲ್ಲ, ಸ್ವಾಮಿ.

ತಮ್ಮ ಉಪದೇಶವಾದರೂ ಎಷ್ಟು ಚಿಕ್ಕದು! ಶಾಂತಿಯ ಕಾಲದಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಯಾವ ಮನೆಯಲ್ಲೂ ಸೈನಿಕನನ್ನು ಇಳಿಸುವಂತಿಲ್ಲ. ಯುದ್ಧಕಾಲದಲ್ಲಿ ಇಳಿಸುವುದಾದರೂ ಕಾನೂನು ಗೊತ್ತುಮಾಡಿದ ಕ್ರಮದಲ್ಲೇ ಇಳಿಸಬೇಕು. ಅವರ ಭಾಷೆಯಲ್ಲಿ ಎಣಿಸಿದರೆ 32 ಪದ. ಅಮೆರಿಕದ ಒಂದು ವಿಡಂಬನ ಪತ್ರಿಕೆ 2007ರಲ್ಲಿ, ತಮ್ಮ ಹಕ್ಕುಗಳ ರಕ್ಷಣೆಗೆಂದೇ ಇರುವ ಸಂಘವೊಂದು ಮತ್ತೊಂದು ಯಶಸ್ವಿ ವರ್ಷವನ್ನು ಸಂಭ್ರಮದಿಂದ ಆಚರಿಸಿತು ಎಂದು ಕಟ್ಟುಸುದ್ದಿ ಬರೆದು ಜನರನ್ನು ನಗಿಸಿತ್ತು. ನಾನು ನಗಲಿಲ್ಲ. ತಮ್ಮಂಥ ಹಿರಿಯರನ್ನು ನೋಡಿ ನಗುವ ಜಾತಿಯವನು ನಾನಲ್ಲ. ತಮ್ಮ ಸೇವಾ ಪುಸ್ತಕವನ್ನು ಮೊದಲ ಪುಟದಿಂದ ಓದಿದ್ದೇನೆ. ಓದಿದ್ದರಿಂದಲೇ ಈ ಪತ್ರ.

ತಮ್ಮ ಜನ್ಮಕ್ಕೆ ಕಾರಣವಾದ ಸಂಕಟ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಫ್ರೆಂಚರ ಮೇಲಿನ ಯುದ್ಧ ಮುಗಿದರೂ ಬ್ರಿಟಿಷ್ ಸೇನೆ ಅಮೆರಿಕದ ವಸಾಹತುಗಳನ್ನು ಬಿಟ್ಟು ಕದಲಲಿಲ್ಲ. ಅದರ ಊಟ ವಸತಿಯ ಖರ್ಚನ್ನು ಊರಿನವರ ತಲೆಗೇ ಕಟ್ಟಲು ಲಂಡನ್ನಿನ ಪಾರ್ಲಿಮೆಂಟು 1765ರಲ್ಲಿ ಒಂದು ಕಾಯಿದೆ ಮಾಡಿತು. ಬ್ಯಾರಕ್ಕು ಸಾಲದ ಕಡೆ ಸೈನಿಕರನ್ನು ತಂಗುಮನೆ, ಹೆಂಡದಂಗಡಿ, ಕುದುರೆ ಲಾಯಗಳಲ್ಲಿ ಇಳಿಸಬೇಕು. ಅದೂ ಸಾಲದಿದ್ದರೆ ಖಾಲಿ ಮನೆ, ಕೊಟ್ಟಿಗೆ. ಬಂದವರಿಗೆ ಸೌದೆ, ಮೇಣದ ಬತ್ತಿ, ಹಾಸಿಗೆ, ಉಪ್ಪು, ವಿನೆಗರ್, ಅಡುಗೆಯ ಪಾತ್ರೆ ಒದಗಿಸಬೇಕು. ತಲೆಗೆ ಐದು ಪೈಂಟು ಮೀರದಂತೆ ತೆಳು ಬಿಯರ್ ಇಲ್ಲವೇ ಸೈಡರ್. ಅದು ಬೇಡವಾದರೆ ಅರ್ಧ ಪೈಂಟು ರಮ್ಮು, ಒಂದು ಕ್ವಾರ್ಟು ನೀರು ಬೆರೆಸಿ. ಎಲ್ಲವೂ ಪುಕ್ಕಟೆ. ದೀಪಾವಳಿಗೆ ಬಂದ ಹೊಸ ಅಳಿಯನಿಗೂ ನಮ್ಮ ಕಡೆ ರಮ್ಮಿಗೆ ನೀರು ಎಷ್ಟು ಬೆರೆಸಬೇಕೆಂದು ಶಾಸನ ಮಾಡುವುದಿಲ್ಲ.

ಆದರೂ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು. ಕೆಂಪು ಕೋಟಿನ ಬ್ರಿಟಿಷ್ ಸೈನಿಕ ಗೃಹಿಣಿಯ ಅಡುಗೆಮನೆಗೇ ನುಗ್ಗಿ ಒಲೆಯ ಪಕ್ಕ ಕಾಲು ಚಾಚಿ ಕೂತ ಚಿತ್ರವೊಂದು ತಮ್ಮ ಭಕ್ತರ ಮನಸ್ಸಿನಲ್ಲಿ ಅಚ್ಚೊತ್ತಿ ಕೂತಿದೆ. ಜನ ವಾಸವಿರುವ ಮನೆಗೆ ಸೈನಿಕನನ್ನು ನುಗ್ಗಿಸಬಹುದೆಂದು 1765ರ ಕಾಯಿದೆ ಹೇಳಿರಲಿಲ್ಲ. 1774ರಲ್ಲಿ ಬಂದ ಇನ್ನೊಂದು ಕಾಯಿದೆಯೂ ಖಾಲಿ ಮನೆ, ಕೊಟ್ಟಿಗೆ ಎಂದೇ ಹೇಳಿತ್ತು. ಮನೆಗೇ ನುಗ್ಗಿಸಿದ್ದು ಅದಕ್ಕೆ ಮೊದಲು, 1756ರಲ್ಲಿ, ಆಲ್ಬನಿ ಎಂಬ ಊರಿನಲ್ಲಿ. ಲೌಡನ್ ಎಂಬ ದಂಡನಾಯಕ ಊರಿನವರು ಒಪ್ಪದಿದ್ದಾಗ ಬಲವಂತದಿಂದಲೇ ಸೈನಿಕರನ್ನು ಇಳಿಸಿದ. ಕಾಯಿದೆಗಳ ಮೇಲಿನ ಜನರ ಸಿಟ್ಟಿಗೆ ಅಡುಗೆಮನೆಗಿಂತ ಹೆಚ್ಚಾಗಿ ಜೇಬೇ ಕಾರಣ. ನ್ಯೂಯಾರ್ಕಿನ ಶಾಸನಸಭೆ ಸೈನಿಕರ ಖರ್ಚು ಕೊಡುವುದಿಲ್ಲವೆಂದು ಹಟ ಹಿಡಿಯಿತು. 1767ರಲ್ಲಿ ಪಾರ್ಲಿಮೆಂಟು ಆ ಸಭೆಯ ಬಾಯಿಗೇ ಬೀಗ ಹಾಕಲು ಕಾನೂನು ಮಾಡಿತು.

ಮನೆ ಕಾಯ್ದವರ ಕಥೆ ಬೇಕೆಂದರೆ 1768ರ ಅಕ್ಟೋಬರ್‌ನ ಬಾಸ್ಟನ್ ಇದೆ. ಅಲ್ಲಿ ಪ್ರಾಂತ್ಯ ಸರ್ಕಾರಕ್ಕೆ ಸೇರಿದ ಹಳೆಯ ನೇಯ್ಗೆ ಕಟ್ಟಡವೊಂದಿತ್ತು. ಅದರಲ್ಲಿದ್ದವರು ಬಡ ನೇಕಾರರ ಸಂಸಾರಗಳು. ಸೈನಿಕರಿಗಾಗಿ ಜಾಗ ಖಾಲಿ ಮಾಡಿ ಎಂದು ಅಪ್ಪಣೆಯಾಯಿತು. ಅವರು ಬಾಗಿಲು ಹಾಕಿಕೊಂಡು ಕೂತರು. ಷರೀಫ್ ಸಾಹೇಬರು ನೆಲಮಾಳಿಗೆಯ ಕಿಟಕಿಯಿಂದ ಒಳನುಗ್ಗಿದರೆ ಅವರನ್ನೇ ಅಲ್ಲಿ ಕೂಡಿಹಾಕಿದರು! ಕೊನೆಗೆ ಸೈನಿಕರೇ ಬಂದು ಬಿಡಿಸಬೇಕಾಯಿತು, ಆದರೂ ಒಕ್ಕಲೆಬ್ಬಿಸಲು ಆಗಲಿಲ್ಲ. ಗಮನಿಸಿ ಮಹಾಸ್ವಾಮಿ, ಆ ಕಟ್ಟಡದ ಮಾಲೀಕರು ನೇಕಾರರಲ್ಲ, ಸರ್ಕಾರ. ತಡೆದವರು ಮಾತ್ರ ಒಳಗಿದ್ದ ಒಕ್ಕಲು. ಈ ಸಂಗತಿಯನ್ನು ನೆನಪಿನ ಮೂಲೆಯಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಬೇಕಾಗುತ್ತದೆ.

1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಮೂರನೇ ಜಾರ್ಜ್ ದೊರೆಯ ಮೇಲೆ ಹೊರಿಸಿದ ಆಪಾದನೆಗಳ ಪಟ್ಟಿಯಲ್ಲಿ ಸೈನಿಕರನ್ನು ಜನರ ನಡುವೆ ಇಳಿಸಿದ್ದೂ ಸೇರಿತು. 1789ರ ಜೂನ್‌ನಲ್ಲಿ ಜೇಮ್ಸ್ ಮ್ಯಾಡಿಸನ್ ತಮ್ಮನ್ನು ಕಾಂಗ್ರೆಸ್ಸಿನ ಮುಂದಿಟ್ಟರು. ಚರ್ಚೆಯಲ್ಲಿ ಸೌತ್ ಕೆರೊಲಿನಾದ ಥಾಮಸ್ ಸಮ್ಟರ್ ಎದ್ದು, ಮಾಲೀಕನ ಒಪ್ಪಿಗೆ ಬೇಕು ಎಂಬಲ್ಲಿಗೆ ಮಾತು ಮುಗಿಸಿ, ಯುದ್ಧಕಾಲದ ಬಾಲ ಬೇಡ ಎಂದರು. ಅವರು ಯುದ್ಧ ಕಂಡವರು. ಅವರ ಸ್ವಂತ ಮನೆಯನ್ನೇ ಬ್ರಿಟಿಷ್ ಪಡೆ 1780ರಲ್ಲಿ ಸುಟ್ಟಿತ್ತು. ಸದನ ಕೇಳಲಿಲ್ಲ, ಬಾಲ ಉಳಿಯಿತು. ಇನ್ನೊಂದು ಸಣ್ಣ ವಿಷಯ. ರಾಜ್ಯಗಳಿಗೆ ಕಳುಹಿಸಿದ 12 ತಿದ್ದುಪಡಿಗಳಲ್ಲಿ ತಾವು ಐದನೆಯವರು. ಮೊದಲಿನ ಇಬ್ಬರು ಪಾಸಾಗದೆ ಉಳಿದಿದ್ದರಿಂದ ತಮಗೆ ಮೂರನೆಯ ಪೀಠ ದಕ್ಕಿತು. ನಮ್ಮಲ್ಲಿ ಎಷ್ಟೋ ಬಡ್ತಿಗಳು ಹೀಗೆಯೇ ಆಗುತ್ತವೆ, ಸಂಕೋಚ ಬೇಡ.

ತಮ್ಮ ಪಟ್ಟಾಭಿಷೇಕದ ದಿನವನ್ನು ನಾವು ಬೆಂಗಳೂರಿನವರು ಮರೆಯುವಂತಿಲ್ಲ. ಕಾರಣ, ಬ್ರಿಟಿಷ್ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್. ಯಾರ್ಕ್‌ಟೌನಿನಲ್ಲಿ ನೆಲ್ಸನ್ ಎಂಬ ಗೃಹಸ್ಥರ ಮನೆಯನ್ನೇ ತನ್ನ ದಂಡಿನ ಕಚೇರಿ ಮಾಡಿಕೊಂಡು, ಕೊನೆಗೆ 1781ರ ಅಕ್ಟೋಬರಿನಲ್ಲಿ ಅಮೆರಿಕದವರಿಗೆ ಶರಣಾದ ಮಹಾನುಭಾವ. ಅವರ ಪಾಠ ಕಲಿತ ತಮ್ಮ ಜನ ಅಲ್ಲಿ ಬಾಗಿಲಿಗೆ ಅಗುಳಿ ಮಾಡಿಸುವ ಹೊತ್ತಿಗೆ ಅದೇ ಕಾರ್ನ್‌ವಾಲಿಸ್ ಇಲ್ಲಿ ಗವರ್ನರ್ ಜನರಲ್ ಆಗಿ ನಮ್ಮ ಬಾಗಿಲು ಒಡೆಯುತ್ತಿದ್ದರು. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆ ಅವರ ಕೈಗೆ ಬಂದು ಸೂರೆಯಾಯಿತು. 21ರ ರಾತ್ರಿ ಕೋಟೆ ಬಿತ್ತು. ವರ್ಜೀನಿಯಾದ ಶಾಸನಸಭೆ ಒಪ್ಪಿಗೆ ಕೊಟ್ಟು ತಾವು ಪೀಠವೇರಿದ ಡಿಸೆಂಬರ್ 15ರಂದು ಅವರ ಸೇನೆ ಸಾವನದುರ್ಗಕ್ಕೆ ಮುತ್ತಿಗೆ ಹಾಕಿ ಕೂತಿತ್ತು. ಆರು ದಿನಕ್ಕೆ ದುರ್ಗವೂ ಬಿತ್ತು. ತಾವು ಕೃಪೆಮಾಡಿ ಅಲ್ಲಿಂದ ಓಡಿಸಿದ ಅತಿಥಿಯನ್ನು ನಾವು ಬಹಳ ಕಾಲ ಸತ್ಕರಿಸಿದೆವು. 1809ರಲ್ಲಿ ದಂಡು ಬಂದು ಹಲಸೂರಿನ ಪಕ್ಕ ನೆಲೆಯೂರಿತು. ಇಂದಿಗೂ ರೈಲು ನಿಲ್ದಾಣಕ್ಕೆ ದಂಡು ಎಂದೇ ಹೆಸರು. ಬ್ರಿಟಿಷ್ ಇಂಡಿಯಾದ ದಂಡುಪ್ರದೇಶಗಳಲ್ಲಿ ಖಾಸಗಿ ಮನೆಗಳನ್ನು ಸೇನೆಯ ಅಧಿಕಾರಿಗಳಿಗೆ ಬಾಡಿಗೆಗೆ ಕೊಡಲೇಬೇಕೆಂದು ಹೇಳಲು 1902ರಲ್ಲಿ ಒಂದು, 1923ರಲ್ಲಿ ಇನ್ನೊಂದು ಕಾಯಿದೆ ಬಂದವು. ಮಾಲೀಕನಿಗೆ ನೋಟಿಸು ಬರುತ್ತಿತ್ತು, ಬಾಡಿಗೆಯೂ ಬರುತ್ತಿತ್ತು. ಬೇಡ ಎನ್ನುವ ಹಕ್ಕೊಂದು ಬರುತ್ತಿರಲಿಲ್ಲ. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ತಮ್ಮ ಸರಹದ್ದು ಬೇರೆ.

ಹಾಗಾದರೆ ಸರಹದ್ದಿನೊಳಗೆ ನಡೆದದ್ದನ್ನೇ ನೋಡೋಣ. 1861ರಿಂದ 1865ರವರೆಗೆ ತಮ್ಮದೇ ಮನೆಯಲ್ಲಿ ಅಂತರ್ಯುದ್ಧ. ಒಕ್ಕೂಟದ ಸೇನೆ ಎಲ್ಲಿ ಬೇಕೆಂದರೆ ಅಲ್ಲಿ, ಶತ್ರು ನಾಡಿನಲ್ಲಷ್ಟೇ ಅಲ್ಲ, ನಿಷ್ಠೆಯ ನಾಡಿನಲ್ಲೂ ಮನೆಗಳಲ್ಲಿ ಬೀಡುಬಿಟ್ಟಿತು. ಯುದ್ಧಕಾಲದಲ್ಲಿ ಕಾನೂನಿನ ಕ್ರಮ ಬೇಕು ಎಂದು ತಾವೇ ಹೇಳಿದ್ದಿರಿ. ಆ ಕಾನೂನನ್ನು ಕಾಂಗ್ರೆಸ್ಸು ಮಾಡಲೇ ಇಲ್ಲ. ಸೈನಿಕ ಮಾತ್ರ ಬಂದ, ಉಂಡ, ಮಲಗಿದ. ಸಮ್ಟರ್ ಅವರು ಕತ್ತರಿಸಿ ಎಂದಿದ್ದ ಬಾಲ ಅದು. ಅದನ್ನು ಉಳಿಸಿಕೊಂಡೂ ಬಳಸದೆ ಇದ್ದ ತಮ್ಮ ನಿಗರ್ವಕ್ಕೆ ನಮೋ ನಮಃ.

ಮುಂದಿನದನ್ನು ಬರೆಯಲು ವಿನಯ ಸ್ವಲ್ಪ ತಡವರಿಸುತ್ತದೆ, ಕ್ಷಮಿಸಬೇಕು. 1942ರ ಜೂನ್‌ನಲ್ಲಿ ಜಪಾನಿನ ವಿಮಾನಗಳು ಅಲಾಸ್ಕದ ಡಚ್ ಹಾರ್ಬರ್ ಮೇಲೆ ಬಾಂಬು ಹಾಕಿದವು. ಜಪಾನೀ ಸೇನೆ ಅಟ್ಟು, ಕಿಸ್ಕಾ ದ್ವೀಪಗಳಲ್ಲಿ ಇಳಿಯಿತು. ಅಮೆರಿಕ ಸರ್ಕಾರ ಅಲ್ಯೂಷಿಯನ್ ಮತ್ತು ಪ್ರಿಬಿಲಾಫ್ ದ್ವೀಪಗಳ ಒಂಬತ್ತು ಹಳ್ಳಿಗಳಿಂದ 881 ಮಂದಿ ಅಲ್ಯೂಟ್ ಜನರನ್ನು ಹಡಗಿಗೆ ಹತ್ತಿಸಿತು. ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಹೊರಡಿ ಎಂದರು. ಸಾವಿರ ಮೈಲಿಗೂ ಹೆಚ್ಚು ದೂರದಲ್ಲಿ, ಆಗ್ನೇಯ ಅಲಾಸ್ಕದ ಕಾಡಿನ ಮಗ್ಗುಲಲ್ಲಿ, ಮೀನು ಡಬ್ಬಿಗೆ ತುಂಬುವ ಪಾಳುಬಿದ್ದ ಕಾರ್ಖಾನೆಗಳಂಥ ಕಡೆಗಳಲ್ಲಿ ಅವರನ್ನು ಇಳಿಸಿದರು. ಮರವೇ ಬೆಳೆಯದ, ಗಾಳಿ ಬೀಸುವ ಬಯಲಿನ ಜನ ಅವರು. ಬೆಳಕು ಬಾರದ ಕಾಡು, ಕೆಟ್ಟ ನೀರು, ತೂತು ಗೋಡೆ. ಹತ್ತರಲ್ಲಿ ಒಬ್ಬರು ಹಿಂತಿರುಗಲಿಲ್ಲ. ಇತ್ತ ಅವರ ಮನೆಗಳಲ್ಲಿ ಸೈನಿಕರು ಬಿಡಾರ ಹೂಡಿದರು. ಅಟ್ಕಾ ಎಂಬ ಹಳ್ಳಿ ಜಪಾನಿಗೆ ಸಿಗದಿರಲಿ ಎಂದು ಅಮೆರಿಕದ ನೌಕಾಪಡೆಯೇ ಚರ್ಚಿನ ಸಮೇತ ಅದಕ್ಕೆ ಬೆಂಕಿ ಇಟ್ಟಿತು. ಬದುಕಿ ಬಂದವರು ನೋಡಿದ್ದು ಒಡೆದ ಬಾಗಿಲು, ಬರಿದಾದ ಪೆಟ್ಟಿಗೆ, ಕಾಣೆಯಾದ ದೇವರ ಪಟ.

ಸ್ವಾಮಿ, ತಾವು ಆಗ ಎಲ್ಲಿದ್ದಿರಿ? ಮಾಲೀಕನ ಒಪ್ಪಿಗೆ ಕೇಳಿದವರಿಲ್ಲ, ಸೈನಿಕರನ್ನು ಇಳಿಸಲು ಕಾನೂನೂ ಇರಲಿಲ್ಲ. ತಮ್ಮ 32 ಪದಗಳಲ್ಲಿ ಬರೆದ ಅಪರಾಧ ಇದಕ್ಕಿಂತ ನಿಚ್ಚಳವಾಗಿ ನಡೆಯಬೇಕಾದರೆ ಇನ್ನು ಮೂರನೇ ಜಾರ್ಜ್ ದೊರೆಯೇ ಎದ್ದು ಬರಬೇಕು. 1988ರಲ್ಲಿ ಕಾಂಗ್ರೆಸ್ಸು ಕಾನೂನು ಮಾಡಿ ಉಳಿದಿದ್ದ ಅಲ್ಯೂಟರಿಗೆ ತಲೆಗೆ 12,000 ಡಾಲರ್ ಕೊಟ್ಟಿತು, ಕ್ಷಮೆಯನ್ನೂ ಕೇಳಿತು. ಅದನ್ನು ಕೊಡಿಸಿದ್ದು ಹೋರಾಟ, ವಿಚಾರಣಾ ಆಯೋಗ, ಮತದಾನ. ತಮಗೆ ಗೊತ್ತಾಗಲಿ ಎಂದು ಇಲ್ಲಿ ಬರೆದಿದ್ದೇನೆ, ಅಷ್ಟೆ. ಬಹುಶಃ ತಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಕೊನೆಗೂ ತಾವು ಎಚ್ಚರಗೊಂಡ ಪುಣ್ಯದಿನವೊಂದು ಬಂತು. 1979ರ ವಸಂತದಲ್ಲಿ ನ್ಯೂಯಾರ್ಕ್ ರಾಜ್ಯದ ಜೈಲು ಸಿಬ್ಬಂದಿ ಮುಷ್ಕರ ಹೂಡಿದರು. ವಾರ್ವಿಕ್ ಎಂಬಲ್ಲಿನ ಮಿಡ್-ಆರೆಂಜ್ ಜೈಲಿನ ಆವರಣದಲ್ಲಿ ಸಿಬ್ಬಂದಿಯ ವಸತಿ ಕಟ್ಟಡ. ಕೋಣೆಗೆ ಬಾಡಿಗೆ, ಅದೂ ಸಂಬಳದಲ್ಲೇ ಕಡಿತ. ಮಂಚ, ಬಟ್ಟೆಬರೆ, ಸಣ್ಣಪುಟ್ಟ ಸಾಮಾನು ಎಲ್ಲ ಅಲ್ಲೇ. ಬೇರೆ ಮನೆ ಇಲ್ಲದವರಿಗೆ ಅದೇ ಮನೆ. ಮುಷ್ಕರ ಎದುರಿಸಲು ರಾಜ್ಯಪಾಲ ಹ್ಯೂ ಕ್ಯಾರಿ ನ್ಯಾಷನಲ್ ಗಾರ್ಡ್ ಪಡೆಯನ್ನು ಕರೆಸಿದರು. ಪಡೆ ಮಲಗುವುದೆಲ್ಲಿ? ಮುಷ್ಕರಕ್ಕೆ ಹೋದವರ ಕೋಣೆಗಳಲ್ಲಿ. ಬಾಡಿಗೆ ಕಟ್ಟಿದವರು ಗೇಟಿನ ಹೊರಗೆ ಫಲಕ ಹಿಡಿದು ನಿಂತರು. ಅವರ ಹಾಸಿಗೆಯ ಮೇಲೆ ಗಾರ್ಡಿನವರು ಮಲಗಿದರು.

ಎಂಗ್‌ಬ್ಲಾಮ್ ಎಂಬವರೂ ಸೇರಿ ಇಬ್ಬರು ಸಿಬ್ಬಂದಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಆಗುವುದಿಲ್ಲ ಎಂದಿತು. 1982ರಲ್ಲಿ ಎರಡನೆಯ ಸರ್ಕ್ಯೂಟಿನ ಮೇಲ್ಮನವಿ ಕೋರ್ಟು ತಮ್ಮನ್ನು ಕೈಹಿಡಿದು ಎಬ್ಬಿಸಿ ಕೂರಿಸಿತು. ಎಂಗ್‌ಬ್ಲಾಮ್ ವಿರುದ್ಧ ಕ್ಯಾರಿ ಎಂಬ ಆ ತೀರ್ಪು ಹೇಳಿದ್ದು: ನ್ಯಾಷನಲ್ ಗಾರ್ಡಿನವರು ಸೈನಿಕರೇ. ತಮ್ಮ ಮಾತು ರಾಜ್ಯ ಸರ್ಕಾರಗಳನ್ನೂ ಕಟ್ಟುತ್ತದೆ. ಮಾಲೀಕ ಎಂದರೆ ಕ್ರಯಪತ್ರ ಇಟ್ಟುಕೊಂಡವನೇ ಆಗಬೇಕಿಲ್ಲ. ಬಾಡಿಗೆ ಕೊಟ್ಟು, ಬೇರೆಯವರನ್ನು ಹೊರಗಿಡುವ ಅಧಿಕಾರದಿಂದ ವಾಸವಿರುವವನೂ ತಮ್ಮ ಆಶ್ರಯಕ್ಕೆ ಅರ್ಹ. ಬಾಸ್ಟನ್ನಿನ ಆ ನೇಕಾರರು ಬಾಗಿಲು ಹಾಕಿಕೊಂಡು ಹೇಳಿದ್ದನ್ನೇ ನ್ಯಾಯಾಧೀಶರು 214 ವರ್ಷದ ಮೇಲೆ ಕಾಗದದಲ್ಲಿ ಬರೆದರು. ಇದನ್ನು ಓದಿದ ದಿನ ನಾನು ತಮ್ಮ ಪರಮಭಕ್ತನಾದೆ, ಸುಳ್ಳಲ್ಲ. ನಮ್ಮ ಮನೆಯ ಮಾಲೀಕರು ಹೇಳದೆ ಕೇಳದೆ ಒಳಗೆ ಬಂದು, ಬಚ್ಚಲ ನಲ್ಲಿ ತಿರುಗಿಸಿ ನೋಡಿ, ಗೋಡೆಗೆ ಹೊಡೆದ ಮೊಳೆ ಎಣಿಸಿಕೊಂಡು ಹೋಗುವವರು. ಅವರಿಗೆ ಈ ತೀರ್ಪನ್ನು ಕನ್ನಡದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸೋಣವೇ ಎಂದುಕೊಂಡೆ. ಅವರು ಸೈನಿಕರಲ್ಲ ಎಂಬ ಒಂದೇ ಕಾರಣಕ್ಕೆ ಸುಮ್ಮನಾದೆ.

ಮುಂದೇನಾಯಿತು? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮೇಲಿನ ಕೋರ್ಟು ಮೊಕದ್ದಮೆಯನ್ನು ವಿಚಾರಣೆಗೆ ವಾಪಸು ಕಳಿಸಿತು. 1983ರಲ್ಲಿ ಕೆಳಗಿನ ಕೋರ್ಟು ಮತ್ತೆ ಆ ಇಬ್ಬರನ್ನು ಬರಿಗೈಯಲ್ಲಿ ಹೊರಗೆ ಕಳಿಸಿತು. ಆ ದೇಶದಲ್ಲಿ ಒಂದು ನಿಯಮವಿದೆ: ಅಧಿಕಾರಿ ಮೀರಿದ ಹಕ್ಕು ಆ ಹೊತ್ತಿಗೆ ಸ್ಪಷ್ಟವಾಗಿ ನೆಲೆಗೊಂಡಿರದಿದ್ದರೆ ಅವನು ಪರಿಹಾರ ತೆರಬೇಕಿಲ್ಲ. 1979ರಲ್ಲಿ ತಮ್ಮ ಹಕ್ಕು ಸ್ಪಷ್ಟವಾಗಿ ನೆಲೆಗೊಂಡಿರಲಿಲ್ಲವಂತೆ. ಏಕೆ ನೆಲೆಗೊಂಡಿರಲಿಲ್ಲ? ಹಿಂದೆ ಯಾವ ಕೋರ್ಟೂ ಹೇಳಿರಲಿಲ್ಲ. ಏಕೆ ಹೇಳಿರಲಿಲ್ಲ? ಮನೆಗೆ ಸೈನಿಕ ಬಂದ ಎಂದು ಯಾರೂ ಕೇಳಿರಲಿಲ್ಲ. ಮೊದಲ ಸಲ ಕೇಳಿದವನಿಗೆ, ಹಿಂದೆ ಯಾರೂ ಕೇಳಿಲ್ಲವಲ್ಲ, ಅದಕ್ಕೇ ನಿನಗೂ ಇಲ್ಲ ಎಂಬ ಉತ್ತರ! ತಾವು 188 ವರ್ಷ ಕಳಂಕವಿಲ್ಲದೆ ಉಳಿಸಿಕೊಂಡ ಕೀರ್ತಿಯೇ ಆ ಇಬ್ಬರ ಕುತ್ತಿಗೆಗೆ ಬಂತು. ಅಟ್ಟದ ಮೇಲಿನ ಕೊಡೆ ಒಂದು ಮಳೆಯನ್ನೂ ಕಂಡಿಲ್ಲ, ಹಾಗಾಗಿ ಅದು ಕೊಡೆ ಹೌದೋ ಅಲ್ಲವೋ ತಿಳಿಯದು, ನೆನೆದುಕೊಂಡೇ ಹೋಗಿ ಎಂದು ಹೇಳುವ ಯಜಮಾನನಿಗೂ ಇಷ್ಟು ತರ್ಕಶುದ್ಧಿ ಇರಲಾರದು. ತಮ್ಮ ಔದಾರ್ಯಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಆಮೇಲೂ ಭಕ್ತರು ತಮ್ಮ ಬಾಗಿಲಿಗೆ ಬರದೆ ಇರಲಿಲ್ಲ. ನೆವಾಡಾದ ಹೆಂಡರ್ಸನ್ ನಗರದಲ್ಲಿ 2011ರ ಜುಲೈನಲ್ಲಿ ಪಕ್ಕದ ಮನೆಯ ಗಲಾಟೆಯ ಮೇಲೆ ಕಣ್ಣಿಡಲು ಪೊಲೀಸರಿಗೆ ಒಂದು ಮನೆ ಬೇಕಾಯಿತು. ಮನೆಯವನು ಕೊಡುವುದಿಲ್ಲ ಎಂದ. ಪೊಲೀಸರು ಬಾಗಿಲು ಒಡೆದು ನುಗ್ಗಿದರು, ಖಾರದ ಗುಂಡು ಹೊಡೆದರು, ಕರ್ತವ್ಯಕ್ಕೆ ಅಡ್ಡಿ ಮಾಡಿದ ಎಂದು ಮನೆಯವನನ್ನೇ ಹಿಡಿದುಕೊಂಡು ಹೋದರು. ಆರೋಪ ಮುಂದೆ ಬಿದ್ದುಹೋಯಿತು. ಆ ಕುಟುಂಬ ಹೂಡಿದ ದಾವೆಯಲ್ಲಿ ತಮ್ಮ ಹೆಸರೂ ಇತ್ತು. 2015ರಲ್ಲಿ ನ್ಯಾಯಾಧೀಶರು ಹೇಳಿದರು: ಪೊಲೀಸ್ ಸೈನಿಕನಲ್ಲ. ಸರಿಯಾದ ಮಾತೇ. ಅದೇ ದೇಶದಲ್ಲಿ ರಕ್ಷಣಾ ಇಲಾಖೆಯ ಹಳೆಯ ಬಂದೂಕು, ನೆಲಬಾಂಬಿಗೂ ಜಗ್ಗದ ಉಕ್ಕಿನ ಬಂಡಿ ಇವನ್ನೆಲ್ಲ ಊರಿನ ಪೊಲೀಸ್ ಠಾಣೆಗಳಿಗೆ ಕೊಡುವ ಯೋಜನೆ 1990ರ ದಶಕದಿಂದ ಇದೆ. ಸೈನಿಕನ ಶಿರಸ್ತ್ರಾಣ, ಸೈನಿಕನ ಬಂದೂಕು, ಸೈನಿಕನ ಬಂಡಿ. ಸಂಬಳದ ಚೀಟಿ ಮಾತ್ರ ನಗರಸಭೆಯದು. ಮೂರನೆಯ ತಿದ್ದುಪಡಿಯವರು ಚೀಟಿ ನೋಡಿ ಬಾಗಿಲು ತೆರೆದರು. ಬಂದವನ ಕೈಯಲ್ಲಿದ್ದದ್ದನ್ನು ನೋಡುವುದು ತಮ್ಮ ಘನತೆಗೆ ತಕ್ಕದ್ದಲ್ಲ ತಾನೆ.

ನಿಜವಾದ ನೊಂದವರನ್ನು ಹೊರಗೆ ನಿಲ್ಲಿಸಿದ ಮೇಲೆ ಮೆಟ್ಟಿಲ ಮೇಲೆ ಉಳಿಯುವವರು ಎಂಥವರು ಎಂಬುದನ್ನೂ ನೋಡಿದ್ದೇನೆ. 1951ರಲ್ಲಿ ಕ್ಯಾಲಿಫೋರ್ನಿಯಾದ ಮನೆ ಮಾಲೀಕನೊಬ್ಬ, ಬಾಡಿಗೆ ಹೆಚ್ಚಿಸದಂತೆ ತಡೆಯುವ ಕಾನೂನು ಅಧಿಕಾರಿಗಳ ಹಿಂಡನ್ನು ಜನರ ಮೇಲೆ ಸೈನ್ಯದಂತೆ ಇಳಿಸಿದೆ ಎಂದು ತಮ್ಮ ಹೆಸರಿನಲ್ಲಿ ವಾದಿಸಿದ. ಬಾಡಿಗೆದಾರನಾದ ನನಗೆ ಇದು ಓದಿ ಎದೆ ಧಸಕ್ಕೆಂದಿತು. ಇನ್ನೊಮ್ಮೆ ಮೀಸಲು ಪಡೆಯ ಸೈನಿಕರು, ಮೆರವಣಿಗೆಯಲ್ಲಿ ಹೆಜ್ಜೆಹಾಕಲು ಹೇಳಿದ್ದು ತಮಗೆ ವಿರುದ್ಧ ಎಂದರು. ಕೋರ್ಟುಗಳು ಎರಡನ್ನೂ ತಳ್ಳಿಹಾಕಿದವು.

2020ರ ಜೂನ್‌ನಲ್ಲಿ ವಾಷಿಂಗ್ಟನ್ನಿನ ಮೇಯರ್, ಪ್ರತಿಭಟನೆ ಹತ್ತಿಕ್ಕಲು ಬಂದಿದ್ದ ಯೂಟಾ ರಾಜ್ಯದ ಗಾರ್ಡುಗಳ ಹೋಟೆಲ್ ಖರ್ಚನ್ನು ನಗರ ಹೊರುವುದಿಲ್ಲ ಎಂದಾಗ ಅಮೆರಿಕದ ಮಂದಿ ಎರಡು ದಿನ ತಮ್ಮನ್ನು ಸ್ಮರಿಸಿದರು. ಅದಕ್ಕಿಂತ ರಸವತ್ತಾದ ದೃಶ್ಯ 2021ರ ಜನವರಿಯದು. ಕ್ಯಾಪಿಟಲ್ ಕಟ್ಟಡಕ್ಕೆ ಗುಂಪು ನುಗ್ಗಿದ ಮೇಲೆ ಕಾವಲಿಗೆ ಬಂದ ನ್ಯಾಷನಲ್ ಗಾರ್ಡಿನವರು ಅದೇ ಕಟ್ಟಡದ ಅಮೃತಶಿಲೆಯ ನೆಲದ ಮೇಲೆ, ಮಹನೀಯರ ಪ್ರತಿಮೆಗಳ ಪಾದದಡಿ, ಬಂದೂಕನ್ನು ಮಗ್ಗುಲಲ್ಲಿಟ್ಟು, ಚೀಲವನ್ನು ತಲೆದಿಂಬು ಮಾಡಿಕೊಂಡು ಸಾಲಾಗಿ ಮಲಗಿದರು. ಕಾನೂನು ಮಾಡುವವರ ಮನೆಯಲ್ಲೇ ದಂಡು ಇಳಿದ ಆ ಚಿತ್ರವನ್ನು ಜಗತ್ತೆಲ್ಲ ನೋಡಿತು. ಹೊಸ ಅಧ್ಯಕ್ಷರ ಪ್ರಮಾಣವಚನ ಮುಗಿದ ಮರುದಿನ ಅವರನ್ನು ಒಂದು ವಾಹನ ನಿಲುಗಡೆಯ ನೆಲಮಾಳಿಗೆಗೆ ಅಟ್ಟಲಾಯಿತು. ಗದ್ದಲವಾದ ಮೇಲೆ ವಾಪಸು ಕರೆಸಿದರು. ಆ ನೆಲಮಾಳಿಗೆ ಇದ್ದದ್ದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಥರ್ಗುಡ್ ಮಾರ್ಷಲ್ ಹೆಸರಿನ ಕಟ್ಟಡದಲ್ಲಿ.

ಆ ಚಿತ್ರ ನೋಡಿದಾಗ ನನಗೆ ಹೊಳೆದದ್ದನ್ನು ಅಡಗಿಸದೆ ಹೇಳುತ್ತೇನೆ. ಸೈನಿಕರನ್ನು ಜನರ ಮನೆಯಿಂದ ಹೊರಗಿಟ್ಟದ್ದು ತಾವಲ್ಲ. ಬ್ಯಾರಕ್ಕು ಹೊರಗಿಟ್ಟಿತು. ಬ್ಯಾರಕ್ಕು ಕಟ್ಟಲು ತೆರಿಗೆ ಕೊಟ್ಟ ಜನ ಹೊರಗಿಟ್ಟರು. ಸೈನಿಕನನ್ನು ಊರ ಹೊರಗೆ ಒಂದೇ ಕಡೆ ಮಲಗಿಸಿದರೆ ಶಿಸ್ತು ಕಾಯುವುದು ಸುಲಭ ಎಂದು ಸೇನೆಗೇ ಗೊತ್ತಾದ ಮೇಲೆ ಅವನಿಗೆ ನೇಕಾರನ ಹಾಸಿಗೆ ಬೇಕಾಗಲಿಲ್ಲ. ಬ್ಯಾರಕ್ಕು ಸಾಲದಾದ ದಿನ, ಅದು 1862ರಲ್ಲಾಗಲಿ, 1942ರಲ್ಲಾಗಲಿ, 1979ರಲ್ಲಾಗಲಿ, ಸೈನಿಕ ನೇರ ಮನೆಗೇ ಬಂದ. ತಾವು ಅಡ್ಡ ಬರಲಿಲ್ಲ. ಮಳೆ ಬಾರದ ಊರಿನಲ್ಲಿ ಸೂರು ಸೋರುತ್ತಿಲ್ಲ ಎಂದು ಸನ್ಮಾನ ಮಾಡಿಸಿಕೊಳ್ಳುವುದು ತಮಗೆ ಶೋಭೆಯೇ?

ಈಗಿನ ವರಸೆ ಇನ್ನೂ ತಮಾಷೆಯದು. ಅಮೆರಿಕ ಸರ್ಕಾರ 1996ರಲ್ಲಿ ಸೇನೆಯ ವಸತಿಯನ್ನು ಖಾಸಗಿ ಕಂಪನಿಗಳಿಗೆ ವಹಿಸಿತು. ಗೋಡೆ ತುಂಬ ಬೂಷ್ಟು, ಮಕ್ಕಳ ರಕ್ತಕ್ಕೆ ಸೇರುವ ಸೀಸದ ಬಣ್ಣ, ಫೋನು ಎತ್ತದ ಮೇಲ್ವಿಚಾರಕ, ಇವೆಲ್ಲ 2018ರ ಸುಮಾರಿಗೆ ಪತ್ರಿಕೆಗಳಲ್ಲಿ ಬಯಲಾದವು; ಸೆನೆಟ್ಟಿನಲ್ಲಿ ಸೈನಿಕರ ಹೆಂಡಂದಿರು ಕಣ್ಣೀರಿಟ್ಟು ಸಾಕ್ಷಿ ಹೇಳಿದರು. ಸೈನಿಕನಿಂದ ಮನೆಯವನನ್ನು ಕಾಪಾಡಲು ಹುಟ್ಟಿದವರು ತಾವು. ಮನೆಯವನಿಂದ ಸೈನಿಕನನ್ನು ಕಾಪಾಡಲು ಯಾರೂ ಹುಟ್ಟಿರಲಿಲ್ಲ. ಬಾಡಿಗೆದಾರನಾಗಿ ನಾನು ಈ ಒಂದು ವಿಷಯದಲ್ಲಿ ಸೈನಿಕರ ಪಕ್ಷ.

ಹಾಗೆಂದು ತಮ್ಮ ಉಪಕಾರವನ್ನು ಮರೆತರೆ ಕೃತಘ್ನನಾಗುತ್ತೇನೆ. 1965ರಲ್ಲಿ ಗ್ರಿಸ್‌ವಾಲ್ಡ್ ಮೊಕದ್ದಮೆಯಲ್ಲಿ, ಗಂಡಹೆಂಡಿರು ಗರ್ಭನಿರೋಧಕ ಬಳಸುವುದನ್ನು ತಡೆಯುವ ಕನೆಕ್ಟಿಕಟ್ ಕಾನೂನನ್ನು ಹೊಡೆದುಹಾಕುವಾಗ ನ್ಯಾಯಮೂರ್ತಿ ಡಗ್ಲಾಸ್ ಅವರು ಖಾಸಗಿತನದ ಹಕ್ಕು ಸಂವಿಧಾನದ ಹಲವು ವಿಧಿಗಳ ನೆರಳಿನಲ್ಲಿದೆ ಎಂದರು. ಆ ವಿಧಿಗಳ ಸಾಲಿನಲ್ಲಿ ತಮ್ಮ ಹೆಸರೂ ಇತ್ತು. ಆ ನೆರಳು ಕಡಲು ದಾಟಿತು. ಅದಕ್ಕೂ ಮೊದಲು, ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ತಟ್ಟಿ ಎಬ್ಬಿಸುವ ಪೊಲೀಸ್ ಅಧಿಕಾರವನ್ನು ನಮ್ಮ ಸುಪ್ರೀಂ ಕೋರ್ಟು 1962ರಲ್ಲಿ ಖರಕ್ ಸಿಂಗ್ ಮೊಕದ್ದಮೆಯಲ್ಲಿ ರದ್ದು ಮಾಡಿತ್ತು. ಆದರೆ ಖಾಸಗಿತನ ಮೂಲಭೂತ ಹಕ್ಕೆಂದು ಒಪ್ಪಿರಲಿಲ್ಲ. 1975ರ ಗೋವಿಂದ್ ಮೊಕದ್ದಮೆಯಲ್ಲಿ ಗ್ರಿಸ್‌ವಾಲ್ಡಿನ ಮಾತು ಬಂತು. ಆಮೇಲೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಅರ್ಜಿ ಹಾಕಿ, 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೇ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಒಮ್ಮತದ ತೀರ್ಪು ಪಡೆದರು. ತಾವು ಮೈಬಗ್ಗಿಸಿ ಮಾಡದ ಕೆಲಸವನ್ನು ತಮ್ಮ ನೆರಳು ಅಷ್ಟಿಷ್ಟು ಮಾಡಿದೆ. ನೆರಳಿಗೆ ಪ್ರತ್ಯೇಕ ನಮಸ್ಕಾರ.

ಈಗ ತಮ್ಮ ಪಾದಗಳಲ್ಲಿ ಎರಡು ಬಿನ್ನಹ. ಸಮವಸ್ತ್ರವಿಲ್ಲದ ಸೈನಿಕರು ಬಂದಿದ್ದಾರೆ. ಸರ್ಕಾರ ಕಳಿಸಿದ ಬೇಹುಗಾರಿಕೆಯ ತಂತ್ರಾಂಶ ಮನೆಯ ಕಂಪ್ಯೂಟರಿನಲ್ಲಿ ಹೇಳದೆ ಕೇಳದೆ ಬೀಡುಬಿಟ್ಟು, ಮನೆಯವರ ಕರೆಂಟಿನಲ್ಲೇ ಉಸಿರಾಡಿದರೆ ಅದೂ ತಮ್ಮ ವ್ಯಾಪ್ತಿಗೆ ಬರುತ್ತದೆಯೇ ಎಂದು ಅಲ್ಲಿನ ಕಾನೂನು ಪಂಡಿತರು ಬರೆಯುತ್ತಿದ್ದಾರೆ. ಅದಕ್ಕೆ ಸೌದೆ ಬೇಡ, ರಮ್ಮೂ ಬೇಡ. ದಯವಿಟ್ಟು ಅದರ ಸಂಬಳದ ಚೀಟಿ ಕೇಳುತ್ತಾ ಕೂರಬೇಡಿ.

ಎರಡನೆಯದು ಇನ್ನೂ ಚಿಕ್ಕದು. ಮುಂದಿನ ಸಲ ಯಾರಾದರೂ ತಮ್ಮ ಬಾಗಿಲು ತಟ್ಟಿದಾಗ, ತಟ್ಟಿದವರಲ್ಲಿ ನೀನೇ ಮೊದಲಿಗ ಎಂಬ ಕಾರಣಕ್ಕೆ ವಾಪಸು ಕಳಿಸುವ ಪದ್ಧತಿಯನ್ನು ಕೈಬಿಡಬೇಕು. ತಮ್ಮ ಹೆಸರಿನಲ್ಲಿ ಹೋರಾಡಿ ಗೆದ್ದು, ಪರಿಹಾರದ ಹಣವನ್ನು ಮನೆಗೆ ತಂದ ಒಬ್ಬನ ತೀರ್ಪನ್ನೂ ನಾನು ಇದುವರೆಗೆ ಓದಿಲ್ಲ. ಅಂಥದೊಂದು ಬಂದರೆ ತಿಳಿಸುವ ಕೃಪೆಯಾಗಲಿ. ವಿಳಾಸ ಬದಲಾಗಿದ್ದರೆ ಆಶ್ಚರ್ಯಪಡಬೇಡಿ; ಮಾಲೀಕರು ಮುಂದಿನ ತಿಂಗಳಿಗೆ ಖಾಲಿ ಮಾಡಲು ಹೇಳಿದ್ದಾರೆ.

ಇಂತಿ ತಮ್ಮ ಆಜ್ಞಾಧಾರಕ,
ಬೆಂಗಳೂರಿನ ಒಬ್ಬ ಬಾಡಿಗೆದಾರ